ಭೂತಾನಿನ ಎರಡು ಸುತ್ತು

2023ರ ನವೆಂಬರ್ 30ರಂದು ಭೂತಾನಿನಲ್ಲಿ ಮತ ಎಣಿಕೆ ಮುಗಿದಾಗ, ಅದುವರೆಗೆ ಐದು ವರ್ಷ ದೇಶ ಆಳಿದ್ದ ಡ್ರುಕ್ ನ್ಯಾಮ್‌ರುಪ್ ಶೋಗ್ಪಾ ಪಕ್ಷ ಕಣದಲ್ಲಿದ್ದ ಐದು ಪಕ್ಷಗಳಲ್ಲಿ ನಾಲ್ಕನೆಯದಾಗಿ ನಿಂತಿತ್ತು. ಅದಕ್ಕೆ ಸಿಕ್ಕಿದ್ದು ಶೇ 13ರಷ್ಟು ಮತ. ಅಂದು ನಡೆದದ್ದು ಅಂತಿಮ ಚುನಾವಣೆಯೂ ಆಗಿರಲಿಲ್ಲ, ಬರೀ ಮೊದಲ ಸುತ್ತು. ಆ ಸುತ್ತಿನಲ್ಲಿ ಹೊರಬಿದ್ದ ಪಕ್ಷ ಎರಡನೇ ಸುತ್ತಿನಲ್ಲಿ ಒಬ್ಬ ಅಭ್ಯರ್ಥಿಯನ್ನೂ ನಿಲ್ಲಿಸುವಂತಿಲ್ಲ. ಐದು ವರ್ಷ ಹಿಂದೆ, 2018ರಲ್ಲಿ, ಆಗ ಅಧಿಕಾರದಲ್ಲಿದ್ದ ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿಗೂ (ಪಿಡಿಪಿ) ಇದೇ ಗತಿಯಾಗಿತ್ತು. ಅದೇ ಪಿಡಿಪಿ 2024ರ ಜನವರಿ 9ರ ಎರಡನೇ ಸುತ್ತಿನಲ್ಲಿ 47ರಲ್ಲಿ 30 ಸ್ಥಾನ ಗೆದ್ದು ಮತ್ತೆ ಅಧಿಕಾರಕ್ಕೆ ಬಂತು.

ಭೂತಾನ್ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಟೈಗರ್ಸ್ ನೆಸ್ಟ್ ಮಠದ ಚಿತ್ರ, ಒಟ್ಟು ರಾಷ್ಟ್ರೀಯ ಸಂತೋಷದ ಮಾತು, ಇಲ್ಲವೇ ಯಾರೋ ಬಂಧುಗಳು ಹೋಗಿ ಬಂದ ಪ್ರವಾಸ. ಅಲ್ಲಿನ ರಾಜಕೀಯದ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಒಂದು ಕಾಲಂ ದಾಟುವುದು ಅಪರೂಪ. ಮತದಾರರ ಒಟ್ಟು ಸಂಖ್ಯೆಯೇ ಐದು ಲಕ್ಷದೊಳಗೆ. ಅಂದರೆ ನಮ್ಮ ಎರಡು ವಿಧಾನಸಭಾ ಕ್ಷೇತ್ರಗಳ ಮತದಾರರಷ್ಟು ಜನ ಸೇರಿ ಒಂದು ದೇಶದ ಸರ್ಕಾರವನ್ನು ಆರಿಸುತ್ತಾರೆ. ಆದರೂ ಆ ಪುಟ್ಟ ದೇಶದ ಚುನಾವಣೆಯನ್ನು ಗಮನವಿಟ್ಟು ನೋಡಬೇಕು ಎಂದು ನಾನು ನಂಬುತ್ತೇನೆ. ಜನ ಕೇಳದಿದ್ದಾಗ ಅರಸನೇ ಮುಂದೆ ನಿಂತು ಕೊಟ್ಟ ಪ್ರಜಾಪ್ರಭುತ್ವ ಅದು. ಹಾಗೆ ಸಿಕ್ಕಿದ್ದನ್ನು ಜನ ತಮ್ಮದನ್ನಾಗಿ ಮಾಡಿಕೊಂಡರೇ? ಮಾಡಿಕೊಂಡರು ಎಂಬುದಕ್ಕೆ ನಾಲ್ಕು ಚುನಾವಣೆಗಳ ಸಾಕ್ಷ್ಯವಿದೆ. ಆದರೆ ಆ ಪ್ರಜಾಪ್ರಭುತ್ವದ ಬಾಗಿಲು ಎಲ್ಲರಿಗೂ ತೆರೆದಿಲ್ಲ ಎಂಬುದೂ ಅಷ್ಟೇ ನಿಜ.

ಕ್ರಮ ಹೀಗಿದೆ. ಸಂಸತ್ತಿನ ಕೆಳಮನೆಯಾದ ರಾಷ್ಟ್ರೀಯ ಅಸೆಂಬ್ಲಿಗೆ 47 ಸ್ಥಾನ. ಮೊದಲ ಸುತ್ತಿನಲ್ಲಿ ನೋಂದಾಯಿತ ಪಕ್ಷಗಳೆಲ್ಲ ಸ್ಪರ್ಧಿಸಬಹುದು. ಮತದಾರ ಪಕ್ಷಕ್ಕೆ ಮತ ಹಾಕುತ್ತಾನೆ, ಇಡೀ ದೇಶದ ಮತಗಳನ್ನು ಒಟ್ಟಿಗೆ ಕೂಡಿಸಿ ಎಣಿಸುತ್ತಾರೆ. ಅತಿ ಹೆಚ್ಚು ಮತ ಪಡೆದ ಎರಡು ಪಕ್ಷಗಳು ಮಾತ್ರ ಎರಡನೇ ಸುತ್ತಿಗೆ ಹೋಗುತ್ತವೆ. ಅಲ್ಲಿ 47 ಕ್ಷೇತ್ರಗಳಲ್ಲೂ ನೇರ ಹಣಾಹಣಿ. ಗೆದ್ದದ್ದು ಸರ್ಕಾರ, ಸೋತದ್ದು ವಿರೋಧ ಪಕ್ಷ. ಮೂರನೆಯ ಪಕ್ಷಕ್ಕೆ ಸದನದಲ್ಲಿ ಜಾಗವೇ ಇಲ್ಲ. ಹೀಗಾಗಿ ಸಮ್ಮಿಶ್ರ ಸರ್ಕಾರದ ಪ್ರಶ್ನೆಯೇ ಏಳುವುದಿಲ್ಲ. ಮೇಲ್ಮನೆಯಾದ ರಾಷ್ಟ್ರೀಯ ಮಂಡಳಿಯಲ್ಲಿ 25 ಮಂದಿ. 20 ಜಿಲ್ಲೆಗಳಿಂದ ಒಬ್ಬೊಬ್ಬರು ಆಯ್ಕೆಯಾಗುತ್ತಾರೆ, ಐವರನ್ನು ಅರಸ ನೇಮಿಸುತ್ತಾನೆ. ಅಲ್ಲಿ ಪಕ್ಷದ ಚಿಹ್ನೆಗೆ ಪ್ರವೇಶವಿಲ್ಲ. ಚುನಾವಣೆಯ ಹೊತ್ತಿನಲ್ಲಿ ಹಳೆಯ ಸರ್ಕಾರ ಕುರ್ಚಿಯಲ್ಲಿ ಕೂತಿರುವುದಿಲ್ಲ. ಗರಿಷ್ಠ 90 ದಿನಗಳ ಮಟ್ಟಿಗೆ ಮಧ್ಯಂತರ ಸರ್ಕಾರ ರಚನೆಯಾಗುತ್ತದೆ, ದೇಶದ ಮುಖ್ಯ ನ್ಯಾಯಮೂರ್ತಿಯೇ ಅದರ ಮುಖ್ಯಸ್ಥ. ಎರಡನೇ ಸುತ್ತಿನ ಅಭ್ಯರ್ಥಿಗಳ ಪ್ರಚಾರಕ್ಕೆ ಸರ್ಕಾರದ ನಿಧಿಯಿಂದಲೇ ಹಣ. ಹಣಬಲದ ಚುನಾವಣೆ ಕಂಡು ದಣಿದ ನಮಗೆ ಈ ಕೊನೆಯ ಅಂಶವೊಂದೇ ಸಾಕು, ಆ ಕಡೆಗೆ ತಲೆಯೆತ್ತಿ ನೋಡಲು.

ಇದೆಲ್ಲ ಶುರುವಾದದ್ದು ನಾಲ್ಕನೇ ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರಿಂದ. 1998ರಲ್ಲೇ ಅವರು ದಿನನಿತ್ಯದ ಆಡಳಿತವನ್ನು ಮಂತ್ರಿಮಂಡಲಕ್ಕೆ ಬಿಟ್ಟುಕೊಟ್ಟಿದ್ದರು. 2001ರಲ್ಲಿ ಸಂವಿಧಾನ ರಚನೆಗೆ ಸಮಿತಿ ನೇಮಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಸೋನಮ್ ತೊಬ್ಗ್ಯೆ ಅದರ ಅಧ್ಯಕ್ಷರು. ಈ ಕೆಲಸದಲ್ಲಿ ನಮ್ಮ ಕರಾವಳಿಯ ನಂಟೂ ಒಂದಿದೆ. ಕರಡಿಗೆ ಸಂವಿಧಾನ ಸಲಹೆಗಾರರಾಗಿದ್ದವರು ಹಿರಿಯ ವಕೀಲ ಕೆ.ಕೆ. ವೇಣುಗೋಪಾಲ್. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಞಂಗಾಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬೆಳೆದು, ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದವರು. ಮುಂದೆ ಭಾರತದ ಅಟಾರ್ನಿ ಜನರಲ್ ಆದರು.

2005ರಲ್ಲಿ ಕರಡನ್ನು ಜನರ ಕೈಗೆ ಕೊಟ್ಟು, 20 ಜಿಲ್ಲೆಗಳಲ್ಲೂ ಚರ್ಚೆಗೆ ಇಟ್ಟರು. ಸಭೆ ಸಭೆಯಲ್ಲೂ ಜನ ಎದ್ದು ನಿಂತು ಹೇಳಿದ್ದು ಒಂದೇ ಮಾತು: ನಮಗೆ ಇದು ಬೇಡ, ಅರಸರೇ ಆಳಲಿ. ಅರಸರು ಒಪ್ಪಲಿಲ್ಲ. ಒಳ್ಳೆಯ ಅರಸನ ಮೇಲೆ ದೇಶದ ಹಣೆಬರಹವನ್ನು ಬಿಟ್ಟರೆ ನಾಳೆ ಕೆಟ್ಟ ಅರಸ ಬಂದಾಗ ಗತಿಯೇನು ಎಂಬುದು ಅವರ ವಾದವಾಗಿತ್ತು. 2006ರ ಡಿಸೆಂಬರ್‌ನಲ್ಲಿ, ಐವತ್ತೊಂದರ ಹರೆಯದಲ್ಲಿ, ಮಗ ಜಿಗ್ಮೆ ಖೇಸರ್ ಅವರಿಗೆ ಸಿಂಹಾಸನ ಬಿಟ್ಟುಕೊಟ್ಟರು. ಸಂವಿಧಾನ ಅರಸನಿಗೂ 65 ವರ್ಷಕ್ಕೆ ನಿವೃತ್ತಿ ವಿಧಿಸುತ್ತದೆ. ಸಂಸತ್ತು ನಾಲ್ಕನೇ ಮೂರು ಬಹುಮತದಿಂದ ನಿರ್ಣಯಿಸಿ, ಜನಮತಗಣನೆಯಲ್ಲಿ ಜನ ಒಪ್ಪಿದರೆ ಅರಸನನ್ನು ಇಳಿಸಲೂ ಬಹುದು. ತನ್ನ ವಂಶದ ಕೊರಳಿಗೆ ತಾನೇ ಇಂಥ ನಿಯಮ ಬಿಗಿದ ಅರಸರು ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟು.

ಮತ ಹಾಕುವುದು ಹೇಗೆಂದು ಜನರಿಗೆ ಗೊತ್ತಿರಲಿಲ್ಲ. ಅದಕ್ಕೂ ಮೊದಲು ಹಳ್ಳಿಗಳ ಪ್ರತಿನಿಧಿಯನ್ನು ಆರಿಸುವಾಗ ಮನೆಗೊಂದು ಮತ ಎಂಬ ರೂಢಿಯಿತ್ತು. ಹಾಗಾಗಿ 2007ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಅಣಕು ಚುನಾವಣೆ ನಡೆಸಿದರು. ಪಕ್ಷಗಳೂ ಅಣಕು: ಡ್ರುಕ್ ನೀಲಿ, ಡ್ರುಕ್ ಹಸಿರು, ಡ್ರುಕ್ ಕೆಂಪು, ಡ್ರುಕ್ ಹಳದಿ. ಒಂದಕ್ಕೆ ಪರಿಸರದ ಪ್ರಣಾಳಿಕೆ, ಇನ್ನೊಂದಕ್ಕೆ ಕೈಗಾರಿಕೆಯದು, ಮತ್ತೊಂದಕ್ಕೆ ಭ್ರಷ್ಟಾಚಾರ ವಿರೋಧ. ಹಳದಿ ಪಕ್ಷಕ್ಕೆ ಸಂಪ್ರದಾಯ ಮತ್ತು ಸಂಸ್ಕೃತಿ. ಎರಡನೇ ಸುತ್ತಿನಲ್ಲಿ ಪ್ರೌಢಶಾಲೆಯ ಮಕ್ಕಳು ಅಭ್ಯರ್ಥಿಗಳಾಗಿ ನಿಂತರು. ಹಳದಿ ಪಕ್ಷ 47ರಲ್ಲಿ 46 ಸ್ಥಾನ ಬಾಚಿಕೊಂಡಿತು. ಹಳದಿ ಅರಸನ ಬಣ್ಣ. ಪ್ರಜಾಪ್ರಭುತ್ವದ ಮೊದಲ ಪಾಠದಲ್ಲೇ ಜನ ಅರಸನಿಗೆ ಮತ ಹಾಕಿದ್ದರು! ಪಾವೊ ಚೊಯ್ನಿಂಗ್ ದೋರ್ಜಿ ನಿರ್ದೇಶನದ 2023ರ ‘ದಿ ಮಾಂಕ್ ಅಂಡ್ ದಿ ಗನ್’ ಚಿತ್ರದ ಕಥೆ ಹೆಣೆದಿರುವುದು ಈ ಅಣಕು ಚುನಾವಣೆಯ ಸುತ್ತಲೇ. ಸಿಕ್ಕಿದರೆ ನೋಡಿ.

ನಿಜವಾದ ಚುನಾವಣೆ ನಡೆದದ್ದು 2008ರ ಮಾರ್ಚ್ 24ರಂದು. ನೋಂದಣಿ ಸಿಕ್ಕಿದ್ದು ಎರಡೇ ಪಕ್ಷಗಳಿಗೆ, ಹಾಗಾಗಿ ಮೊದಲ ಸುತ್ತು ಬೇಕಾಗಲಿಲ್ಲ. ಸುಮಾರು ಶೇ 79ರಷ್ಟು ಮತದಾನವಾಯಿತು. ಜಿಗ್ಮಿ ಥಿನ್ಲೆ ನೇತೃತ್ವದ ಡ್ರುಕ್ ಫ್ಯುನ್ಸುಮ್ ಶೋಗ್ಪಾ (ಡಿಪಿಟಿ) 45 ಸ್ಥಾನ ಗೆದ್ದರೆ, ಪಿಡಿಪಿಗೆ ಎರಡೇ ಎರಡು. ಅರಸರ ಸೋದರಮಾವನೇ ಆಗಿದ್ದ ಪಿಡಿಪಿ ನಾಯಕ ಸಂಗೆ ಙೆಡುಪ್ ತಮ್ಮ ಕ್ಷೇತ್ರದಲ್ಲೇ ಸೋತರು. ಮೂರನೇ ಒಂದರಷ್ಟು ಮತ ಪಡೆದ ಪಕ್ಷಕ್ಕೆ 47ರಲ್ಲಿ ಎರಡು ಸ್ಥಾನ! ನಾವು ಬ್ರಿಟಿಷರಿಂದ ಪಡೆದ ಎಣಿಕೆಯ ಪದ್ಧತಿಯನ್ನೇ ಭೂತಾನ್ ಕ್ಷೇತ್ರಮಟ್ಟದಲ್ಲಿ ಇಟ್ಟುಕೊಂಡಿದೆ. ಅದರ ಅನ್ಯಾಯವೂ ಜೊತೆಗೇ ಬಂತು.

ಪಿಡಿಪಿಯಿಂದ ಗೆದ್ದ ಆ ಇಬ್ಬರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರು ಹಾ ಜಿಲ್ಲೆಯ ಶೆರಿಂಗ್ ತೊಬ್ಗೆ, ಇನ್ನೊಬ್ಬರು ಗಾಸಾ ಜಿಲ್ಲೆಯ ದಾಮ್‌ಚೊ ದೋರ್ಜಿ. ಸದನದಲ್ಲಿ ಇವರಿಬ್ಬರ ಮತಕ್ಕೆ ಯಾವ ತೂಕವೂ ಇರಲಿಲ್ಲ. ಅಷ್ಟರಲ್ಲಿ ಸರ್ಕಾರ ವಾಹನಗಳ ಮೇಲಿನ ತೆರಿಗೆಯನ್ನು ಸಂಸತ್ತಿನ ಒಪ್ಪಿಗೆ ಪಡೆಯದೆ ಪರಿಷ್ಕರಿಸಿತು. ವಿರೋಧ ಪಕ್ಷ ನ್ಯಾಯಾಲಯಕ್ಕೆ ಹೋಯಿತು. ಹೊಸ ಸಂವಿಧಾನದಡಿ ಅದೇ ಮೊದಲ ಸಂವಿಧಾನ ವ್ಯಾಜ್ಯ. 2010ರ ನವೆಂಬರ್‌ನಲ್ಲಿ ಹೈಕೋರ್ಟ್ ವಿರೋಧ ಪಕ್ಷದ ಪರ ತೀರ್ಪು ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಫೆಬ್ರುವರಿಯಲ್ಲಿ ಅಲ್ಲಿಯೂ ಸೋತಿತು. 45 ಮಂದಿಯ ಬೆಂಬಲವಿದ್ದ ಸರ್ಕಾರ ಇಬ್ಬರ ಮುಂದೆ ತಲೆಬಾಗಿತು, ತೀರ್ಪನ್ನು ಒಪ್ಪಿಕೊಂಡಿತು. ಭೂತಾನಿನ ಪ್ರಜಾಪ್ರಭುತ್ವ ಬೇರುಬಿಟ್ಟ ಕ್ಷಣ ಯಾವುದೆಂದು ಕೇಳಿದರೆ ನಾನು 2008ರ ಮತದಾನದ ಬದಲು ಈ ತೀರ್ಪನ್ನು ತೋರಿಸುತ್ತೇನೆ. ಸಂವಿಧಾನಕ್ಕಿಂತ ಬಹುಮತ ದೊಡ್ಡದಲ್ಲ ಎಂಬ ಪಾಠ ಅಲ್ಲಿ ಮೂರೇ ವರ್ಷಗಳಲ್ಲಿ ನೆಲೆಯೂರಿತು.

2013ರಲ್ಲಿ ಅದೇ ತೊಬ್ಗೆ ಪ್ರಧಾನಿಯಾದರು. ಮೇ 31ರ ಮೊದಲ ಸುತ್ತಿನಲ್ಲಿ ನಾಲ್ಕು ಪಕ್ಷಗಳಿದ್ದವು. ಡಿಪಿಟಿ ಮುಂದಿತ್ತು, ಪಿಡಿಪಿ ಎರಡನೆಯದು. ಜುಲೈ 13ರ ಎರಡನೇ ಸುತ್ತಿನಲ್ಲಿ ಫಲಿತಾಂಶ ತಲೆಕೆಳಗಾಗಿ ಪಿಡಿಪಿ 32, ಡಿಪಿಟಿ 15 ಎಂದಾಯಿತು. ಮೊದಲ ಸುತ್ತಿನಲ್ಲಿ ಸೋತ ಪಕ್ಷಗಳ ಅಭ್ಯರ್ಥಿಗಳು ಗೆದ್ದವರ ಕಡೆಗೆ ಬರಬಹುದು ಎಂಬ ಅವಕಾಶವೂ ಇದಕ್ಕೆ ಒಂದು ಕಾರಣ. ಹಾಗೆ ಬಂದವರಲ್ಲಿ ಒಬ್ಬರು ಡ್ರುಕ್ ನ್ಯಾಮ್‌ರುಪ್ ಶೋಗ್ಪಾದ ಅಧ್ಯಕ್ಷೆಯಾಗಿದ್ದ ದೋರ್ಜಿ ಚೊಡೆನ್; ಪಿಡಿಪಿ ಸೇರಿ ಗೆದ್ದು ದೇಶದ ಮೊದಲ ಮಹಿಳಾ ಸಚಿವೆಯಾದರು.

ಇನ್ನೊಂದು ಕಾರಣ ನಮ್ಮ ದೇಶಕ್ಕೆ ಸಂಬಂಧಿಸಿದ್ದು, ಅದನ್ನು ಮುಚ್ಚಿಡಬಾರದು. ಎರಡು ಸುತ್ತುಗಳ ನಡುವೆ, ಜುಲೈ 1ರಿಂದ, ಭೂತಾನಿಗೆ ಭಾರತ ಕೊಡುತ್ತಿದ್ದ ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಬ್ಸಿಡಿ ನಿಂತುಹೋಯಿತು. ಸಿಲಿಂಡರ್ ಬೆಲೆ ಒಮ್ಮೆಲೇ ಜಿಗಿಯಿತು. ಯೋಜನಾ ಅವಧಿ ಮುಗಿದದ್ದೇ ಕಾರಣ ಎಂದು ದೆಹಲಿ ಹೇಳಿತು. ಆದರೆ ಹಿಂದಿನ ವರ್ಷ ರಿಯೊದಲ್ಲಿ ಥಿನ್ಲೆ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಅವರನ್ನು ಭೇಟಿಯಾಗಿದ್ದಕ್ಕೆ ಇದು ದೆಹಲಿಯ ಉತ್ತರ ಎಂದೇ ಭೂತಾನಿನಲ್ಲಿ ಬಹಳ ಜನ ಅರ್ಥ ಮಾಡಿಕೊಂಡರು, ಇಲ್ಲಿಯೂ ಹಾಗೆ ಬರೆದವರಿದ್ದರು. ಚುನಾವಣೆ ಮುಗಿದ ಕೆಲವೇ ವಾರಗಳಲ್ಲಿ ಸಬ್ಸಿಡಿ ಮರಳಿತು. ಉದ್ದೇಶ ಏನೇ ಇರಲಿ, ನೆರೆಯ ಪುಟ್ಟ ದೇಶ ಮತಗಟ್ಟೆಗೆ ಹೋಗುವ ಎರಡು ವಾರ ಮೊದಲು ಅದರ ಅಡುಗೆಮನೆಗೆ ಕೈಹಾಕಿದ್ದು ತಪ್ಪು. ಭೂತಾನಿನ ಜಲವಿದ್ಯುತ್ತನ್ನು ಕೊಳ್ಳುವವರು ನಾವು, ಅದರ ಪಂಚವಾರ್ಷಿಕ ಯೋಜನೆಗಳಿಗೆ ದೊಡ್ಡ ಪಾಲು ಕೊಡುವವರೂ ನಾವು. 2024ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ ಥಿಂಪುವಿನಲ್ಲಿ ಐದು ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿಯ ನೆರವು ಘೋಷಿಸಿದರು. ಇಷ್ಟು ಹತ್ತಿರದ ನೆಂಟಸ್ತನವಿದ್ದಾಗ ಕೈ ಹಿಂದಕ್ಕೆ ಇಟ್ಟುಕೊಳ್ಳುವ ಸಂಯಮ ಹೆಚ್ಚು ಬೇಕು.

2018ರ ಮೊದಲ ಸುತ್ತಿನಲ್ಲಿ ಪಿಡಿಪಿ ಮೂರನೆಯದಾಯಿತು. ಎರಡನೇ ಸ್ಥಾನಕ್ಕೂ ಅದಕ್ಕೂ ನಡುವೆ ಇದ್ದದ್ದು ಸುಮಾರು 10 ಸಾವಿರ ಮತಗಳ ಅಂತರ. ಹೊರಬಿದ್ದ ತೊಬ್ಗೆ ಸೋಲೊಪ್ಪಿ ನಡೆದರು. ಡ್ರುಕ್ ನ್ಯಾಮ್‌ರುಪ್ ಶೋಗ್ಪಾದ ನಾಯಕ, ಶಸ್ತ್ರಚಿಕಿತ್ಸಕ ಲೋಟೆ ಶೆರಿಂಗ್ ಪ್ರಧಾನಿಯಾಗಿ, ಶನಿವಾರಗಳಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಮುಂದುವರಿಸಿದರು. ಕೊರೊನಾ ಕಾಲದಲ್ಲಿ ಅವರ ಸರ್ಕಾರ ಜಗತ್ತೇ ಗಮನಿಸುವಂತೆ ಕೆಲಸ ಮಾಡಿತು: 2021ರಲ್ಲಿ ಭಾರತದಿಂದ ಬಂದ ಲಸಿಕೆಯನ್ನು ಎರಡು ವಾರದೊಳಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವಯಸ್ಕರಿಗೆ ಹಾಕಿ ಮುಗಿಸಿತು. ಆದರೆ ಗಡಿ ಮುಚ್ಚಿದ್ದರಿಂದ ಪ್ರವಾಸೋದ್ಯಮ ನೆಲಕಚ್ಚಿತು. 2022ರಲ್ಲಿ ಬಾಗಿಲು ತೆರೆದಾಗ ವಿದೇಶಿ ಪ್ರವಾಸಿಗರ ದಿನದ ಶುಲ್ಕವನ್ನು 65 ಡಾಲರಿನಿಂದ 200 ಡಾಲರಿಗೆ ಏರಿಸಿ, ಮರುವರ್ಷ 100ಕ್ಕೆ ಇಳಿಸಬೇಕಾಯಿತು. ಯುವಕರ ನಿರುದ್ಯೋಗ ಶೇ 29ರ ಆಸುಪಾಸಿಗೆ ಹೋಯಿತು. ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ಕೆಲಸ ಬಿಟ್ಟು ಆಸ್ಟ್ರೇಲಿಯಾದ ವೀಸಾಕ್ಕೆ ಸಾಲುಗಟ್ಟಿದರು. ಮಕ್ಕಳು ದೇಶ ಬಿಡುವುದನ್ನು ನೋಡುತ್ತಿದ್ದ ತಂದೆ ತಾಯಿಯರು 2023ರ ನವೆಂಬರಿನಲ್ಲಿ ಕೊಟ್ಟ ಉತ್ತರವನ್ನು ಮೊದಲೇ ಹೇಳಿದೆ.

2008ರಲ್ಲಿ ಗೆದ್ದವರು 2013ರಲ್ಲಿ ಸೋತರು, ಅವರನ್ನು ಸೋಲಿಸಿದವರು 2018ರಲ್ಲಿ, ಅವರ ನಂತರದವರು 2023ರಲ್ಲಿ. ಈವರೆಗೆ ಯಾವ ಸರ್ಕಾರವೂ ಮರಳಿ ಆಯ್ಕೆಯಾಗಿಲ್ಲ; ಒಬ್ಬ ಪ್ರಧಾನಿಯೂ ಕುರ್ಚಿ ಬಿಡಲು ತಕರಾರು ಮಾಡಿಲ್ಲ. ಅಣಕು ಚುನಾವಣೆಯಲ್ಲಿ ಅರಸನ ಬಣ್ಣಕ್ಕೆ ಮತ ಒತ್ತಿದ ಅದೇ ಜನ ಇವರು.

ಇನ್ನು ಹೊರಗೆ ಉಳಿದವರ ಮಾತು. ಮೊದಲನೆಯದಾಗಿ, ದೇಶದಿಂದಲೇ ಹೊರಬಿದ್ದವರು. ದಕ್ಷಿಣ ಭೂತಾನಿನ ನೇಪಾಳಿ ಭಾಷಿಕರಾದ ಲ್ಹೋತ್ಶಾಂಪರಿಗೆ 1985ರ ಪೌರತ್ವ ಕಾಯ್ದೆ ಮತ್ತು 1988ರ ಜನಗಣತಿ ಕಂಟಕವಾದವು. 1958ರಲ್ಲಿ ದೇಶದಲ್ಲಿದ್ದೆವು ಎಂಬುದಕ್ಕೆ ಕಾಗದ ತೋರಿಸಿ ಎಂದರು. 1990ರಲ್ಲಿ ಪ್ರತಿಭಟನೆಗಳು ನಡೆದವು, ದಮನವೂ ನಡೆಯಿತು. ಸುಮಾರು ಒಂದು ಲಕ್ಷ ಜನ ಭಾರತದ ನೆಲ ದಾಟಿ ನೇಪಾಳದ ಝಾಪಾ, ಮೊರಾಂಗ್ ಜಿಲ್ಲೆಗಳ ಶಿಬಿರಗಳನ್ನು ಸೇರಿದರು. ಇಡೀ ದೇಶದ ಜನಸಂಖ್ಯೆಯೇ ಎಂಟು ಲಕ್ಷ ಮುಟ್ಟದ ನಾಡಿನಲ್ಲಿ ಇದೆಷ್ಟು ದೊಡ್ಡ ಸಂಖ್ಯೆ ಎಂದು ಯೋಚಿಸಿ. 2008ರಲ್ಲಿ ಥಿಂಪುವಿನಲ್ಲಿ ಮೊದಲ ಮತ ಬೀಳುವ ಹೊತ್ತಿಗೆ ಇವರು ಶಿಬಿರದ ಬಿದಿರ ಗುಡಿಸಲುಗಳಲ್ಲಿ ವಿದೇಶಕ್ಕೆ ಕರೆದೊಯ್ಯುವ ವಿಮಾನಕ್ಕಾಗಿ ಕಾಯುತ್ತಿದ್ದರು. ಆಮೇಲೆ ಅಮೆರಿಕ ಮೊದಲಾದ ದೇಶಗಳಲ್ಲಿ ಬಹುತೇಕರಿಗೆ ನೆಲೆ ಸಿಕ್ಕಿತು, ತಾಯ್ನೆಲದಲ್ಲಿ ಸಿಗಲಿಲ್ಲ. ದೇಶದೊಳಗೆ ಉಳಿದ ನೇಪಾಳಿ ಭಾಷಿಕರು ಇಂದು ಸಂಸದರೂ ಸಚಿವರೂ ಆಗಿದ್ದಾರೆ, ಅದನ್ನು ಹೇಳಲೇಬೇಕು. ಆದರೆ ಹೋದವರ ಪ್ರಶ್ನೆಯನ್ನು ಯಾವ ಚುನಾವಣೆಯಲ್ಲೂ ಯಾವ ಪಕ್ಷವೂ ಗಟ್ಟಿಯಾಗಿ ಎತ್ತಿಲ್ಲ. ಭೂತಾನಿನ ಪ್ರಜಾಪ್ರಭುತ್ವವನ್ನು ಮೆಚ್ಚುವವರು ಈ ಪುಟವನ್ನು ಹಾರಿಸಿ ಓದಬಾರದು.

ಎರಡನೆಯವರು ಭಿಕ್ಷುಗಳು. ಧರ್ಮ ರಾಜಕೀಯಕ್ಕಿಂತ ಮೇಲಿರಬೇಕು ಎಂದು ಸಂವಿಧಾನ ಹೇಳುತ್ತದೆ. ಅದರಿಂದಾಗಿ ಮಠಗಳಿಗೆ ಸೇರಿದವರಿಗೆ ಸ್ಪರ್ಧೆಯೂ ಇಲ್ಲ, ಮತವೂ ಇಲ್ಲ. ಧರ್ಮಗುರುಗಳು ಪಕ್ಷಗಳ ವೇದಿಕೆ ಹತ್ತದಿರುವುದು ಒಳ್ಳೆಯದೇ, ಅದರ ಬೆಲೆ ನಮಗೆ ಚೆನ್ನಾಗಿ ಗೊತ್ತು. ಆದರೆ ಗುಟ್ಟಾಗಿ ಹಾಕುವ ಒಂದು ಮತವನ್ನೂ ಕಿತ್ತುಕೊಳ್ಳುವುದು ಅತಿಯಾಯಿತು.

ಕ್ಷೇತ್ರಗಳ ಹಂಚಿಕೆಯಲ್ಲೂ ಅಸಮತೆಯಿದೆ. 2017ರ ಜನಗಣತಿಯಲ್ಲಿ ಥಿಂಪು ಜಿಲ್ಲೆಯಲ್ಲಿ 1.38 ಲಕ್ಷ ಜನ, ಹಿಮದ ಗಾಸಾ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಕಡಿಮೆ. ಎರಡಕ್ಕೂ ಎರಡೆರಡು ಸ್ಥಾನ. ಯಾವ ಜಿಲ್ಲೆಗೂ ಎರಡಕ್ಕಿಂತ ಕಡಿಮೆ ಇರಬಾರದೆಂಬ ನಿಯಮ ಒಂದು ಕಾರಣ. ಮತಪಟ್ಟಿ ಮೂಲ ಊರಿಗೆ ಅಂಟಿಕೊಂಡಿರುವುದು ಇನ್ನೊಂದು. ರಾಜಧಾನಿಯಲ್ಲಿ ಇಪ್ಪತ್ತು ವರ್ಷ ದುಡಿದವರೂ ಬೆಟ್ಟದಾಚೆಯ ತಮ್ಮ ಹಳ್ಳಿಯ ಮತದಾರರೇ, ಊರಿಗೆ ಹೋಗಬೇಕು ಇಲ್ಲವೇ ಅಂಚೆ ಮತ ಹಾಕಬೇಕು. ಗಾಸಾದ ಲುನಾನಾದಂಥ ಕಡೆಗೆ ರಸ್ತೆಯೇ ಇಲ್ಲ, ದಿನಗಟ್ಟಲೆ ನಡೆಯಬೇಕು. ಅಂಥ ಮೂಲೆಗೂ ಸದನದಲ್ಲಿ ದನಿ ಸಿಗುವುದು ನನಗೆ ಸರಿಯೆನಿಸುತ್ತದೆ, ನಗರದ ಬಾಡಿಗೆ ಮನೆಯ ಕಷ್ಟಕ್ಕೆ ದನಿ ಸಿಗದಿರುವುದು ಸರಿಯೆನಿಸುವುದಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬೇಸರದ್ದು. 2018ರಲ್ಲಿ 47ರಲ್ಲಿ ಏಳು ಮಂದಿ ಮಹಿಳೆಯರಿದ್ದರು, 2024ರಲ್ಲಿ ಇಬ್ಬರು. ಪಶ್ಚಿಮ ಭೂತಾನಿನ ಎಷ್ಟೋ ಕಡೆ ಮನೆ, ಹೊಲ ಮಗಳಿಗೆ ಬರುವ ಸಮಾಜ ಅದು. ಆಸ್ತಿ ಕೈಯಲ್ಲಿದ್ದರೂ ಅಧಿಕಾರ ಕೈಗೆ ಬಂದಿಲ್ಲ.

ಎಲ್ಲಕ್ಕಿಂತ ನನಗೆ ಒಪ್ಪಲಾಗದ್ದು ಅಭ್ಯರ್ಥಿಗೆ ವಿಶ್ವವಿದ್ಯಾಲಯದ ಪದವಿ ಇರಲೇಬೇಕೆಂಬ ನಿಯಮ. ಆಧುನಿಕ ಶಾಲೆಗಳೇ ತಡವಾಗಿ ಬಂದ ದೇಶದಲ್ಲಿ ಇದರಿಂದ ರೈತರು, ಯಾಕ್ ಮೇಯಿಸುವವರು, ಹಳ್ಳಿಯ ಹಿರಿಯರು, ಅವರಲ್ಲೂ ಹಿರಿಯ ಹೆಂಗಸರು ಸಾರಾಸಗಟಾಗಿ ಹೊರಗುಳಿಯುತ್ತಾರೆ. ವಿದೇಶಿಯರನ್ನು ಮದುವೆಯಾದವರಿಗೂ ಸ್ಪರ್ಧೆಯಿಲ್ಲ. ಕಾನೂನು ಮಾಡುವವರು ಓದಿದವರಾಗಿರಲಿ ಎಂಬ ವಾದ ನಮ್ಮಲ್ಲೂ ಆಗಾಗ ಕೇಳಿಬರುತ್ತದೆ, ಓದಿದವರೇ ಅದನ್ನು ಹೆಚ್ಚು ಹೇಳುತ್ತಾರೆ. ಆದರೆ ಭೂತಾನಿನ ಅನುಭವವೇ ಅದಕ್ಕೆ ಉತ್ತರ. ನಾಲ್ಕು ಚುನಾವಣೆಗಳಲ್ಲಿ ಮೂರು ಸರ್ಕಾರಗಳನ್ನು ತೂಗಿನೋಡಿ ಇಳಿಸಿದ ಮತದಾರರಲ್ಲಿ ಪದವೀಧರರಲ್ಲದವರೇ ಹೆಚ್ಚು. ಯಾರು ಆಳಬೇಕೆಂದು ತೀರ್ಮಾನಿಸುವ ಬುದ್ಧಿ ಉಳ್ಳವರಿಗೆ ಆಳುವ ಬುದ್ಧಿ ಇಲ್ಲ ಎನ್ನುವುದು ಯಾವ ನ್ಯಾಯ?

ಯಾರೂ ಎರಡು ಅವಧಿಗಿಂತ ಹೆಚ್ಚು ಪ್ರಧಾನಿಯಾಗುವಂತಿಲ್ಲ ಎಂದು ಭೂತಾನಿನ ಸಂವಿಧಾನ ಹೇಳುತ್ತದೆ. ತೊಬ್ಗೆ ಅವರಿಗೆ ಇದು ಎರಡನೆಯ ಅವಧಿ, ಮುಂದಿನ ಬಾರಿ ಅವರ ಪಕ್ಷ ಗೆದ್ದರೂ ಹೊಸಬರೇ ಬರಬೇಕು. ಆ ಹೊಸಬರನ್ನು ಪದವೀಧರರ ಚಿಕ್ಕ ಗುಂಪಿನಲ್ಲೇ ಹುಡುಕಬೇಕಾಗಿಲ್ಲ. ಪದವಿಯ ಷರತ್ತನ್ನು ಸಂವಿಧಾನ ಚುನಾವಣಾ ಕಾಯ್ದೆಗೆ ಬಿಟ್ಟಿದೆ. ಕಾಯ್ದೆಯನ್ನು ತಿದ್ದುವ ಅಧಿಕಾರ ಸಂಸತ್ತಿಗಿದೆ. ಮುಂದಿನ ಚುನಾವಣೆಗೆ ಮೊದಲು ತಿದ್ದಲಿ.